ಪಂಚಾಯ್ತಿ ಬಾಗಿಲಿನ ಒಡಪು

ನೀಲಗಂಗವ್ವನಿಗೆ ಸಿಟ್ಟು ಬಂದರೆ ರೊಟ್ಟಿ ತೆಳ್ಳಗಾಗುತ್ತಿದ್ದವು. ಆವತ್ತು ಸಂಜೆ ಆಕೆ ಬಡಿದು ಎತ್ತಿದ ರೊಟ್ಟಿಯ ಮೂಲಕ ಒಲೆಯ ಉರಿ ಕಾಣುತ್ತಿತ್ತು. ಪಕ್ಕದಲ್ಲಿ ಪಲ್ಯದ ಸೊಪ್ಪು ಸೋಸುತ್ತಿದ್ದ ಸೊಸೆ ಸ್ನೇಹಾ ಅದನ್ನು ನೋಡಿಯೇ ಕೇಳಿದಳು.

"ಅತ್ತಿ, ಇವತ್ತ ಯಾರ ಮ್ಯಾಲ ಸಿಟ್ಟು?"

"ನಿನ್ನ ಗಂಡನ ಮ್ಯಾಲ. ನಾನ ಹಡದ ಮಗನ ಮ್ಯಾಲ. ಮತ್ತ ನಿನ್ನ ಮ್ಯಾಲೂ ಒಂದೀಟು ಐತಿ."

ಸ್ನೇಹಾ ಕರಿಹಾಳ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯಾಗಿ ತಿಂಗಳಾಗಿತ್ತು. ಗದಗಿನ ಕಾಲೇಜಿನಲ್ಲಿ ಓದಿದ ಹುಡುಗಿ. ನಾಗಾವಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಹೋಗಿ ಅಧ್ಯಕ್ಷರ ತರಬೇತಿಯನ್ನೂ ಮುಗಿಸಿ ಬಂದಿದ್ದಳು. ಸಭೆ ಹೇಗೆ ನಡೆಸಬೇಕು, ಊರಿನ ದುಡ್ಡು ಯಾವುದಕ್ಕೆ ಎಂದು ಊರೇ ಹೇಗೆ ತೀರ್ಮಾನಿಸಬೇಕು, ಎಲ್ಲವನ್ನೂ ಕಲಿತು ಬಂದಿದ್ದಳು. ಬಂದು ನೋಡಿದರೆ ಅಧ್ಯಕ್ಷರ ಕುರ್ಚಿಯಲ್ಲಿ ಗಂಡ ವೀರು ಕೂತಿದ್ದ! ಜನ ಅವನನ್ನೇ "ಅಧ್ಯಕ್ಷರ" ಎನ್ನುತ್ತಿದ್ದರು. ಪಂಚಾಯ್ತಿಯ ದುಡ್ಡು ಬಿಡಿಸಲು ಬೇಕಾದ ಆಕೆಯ ಡಿಜಿಟಲ್ ಸಹಿಯ ಕೀಲಿ ಅವನ ಬೈಕಿನ ಕೀಲಿಯ ಜೊತೆ ಒಂದೇ ಗೊಂಚಲಿನಲ್ಲಿ ತೂಗುತ್ತಿತ್ತು. ಪಂಚಾಯ್ತಿಗೆ ಕಂಪ್ಯೂಟರ್ ಬಂತು, ಕ್ಯಾಮೆರಾ ಬಂತು, ಕುರ್ಚಿಗೆ ಗಾಲಿಯೂ ಬಂತು. ಆ ಗಾಲಿಯ ಮೇಲೆ ತಿರುಗಾಡುವವರು ಮಾತ್ರ ಗಂಡಂದಿರೇ. ಹೆಂಡತಿ ಗೆದ್ದರೆ ಗಂಡ ಕುರ್ಚಿ ಹತ್ತುವ ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ! ಗಂಡ ಗೆದ್ದಾಗ ಹೆಂಡತಿಯನ್ನು ಕರೆದು ಕೂರಿಸಿದ್ದನ್ನು ಯಾರಾದರೂ ಕಂಡಿದ್ದರೆ ಹೇಳಲಿ.

ಹಾಗಂತ ವೀರು ಕೆಟ್ಟವನಲ್ಲ. ಹೆಂಡತಿಗೆ ಜ್ವರ ಬಂದರೆ ತಾನೇ ಗಂಜಿ ಕಾಸುವವನು. "ಆಕಿಗ್ಯಾಕ ಸುಮ್ಮನ ತ್ರಾಸು" ಎಂಬುದು ಅವನ ಮಾತು. ತ್ರಾಸು ತಪ್ಪಿಸುತ್ತ ತಪ್ಪಿಸುತ್ತ ಕುರ್ಚಿಯನ್ನೇ ತಪ್ಪಿಸಿಬಿಟ್ಟಿದ್ದ.

ಮರುದಿನ ಗ್ರಾಮಸಭೆ. ಊರಿನ ಹೆಣ್ಣುಹುಡುಗಿಯರಿಗೆ ಕೂತು ಓದಲು ಒಂದು ಖೋಲಿ ಬೇಕೆಂದು ಸ್ನೇಹಾಳಿಗೆ ಆಸೆ. ಪರೀಕ್ಷೆ ಹತ್ತಿರ ಬಂದರೆ ಆ ಹುಡುಗಿಯರು ಓದಲಿಕ್ಕೆಂದೇ ಬಸ್ಸಿಗೆ ಜೋತುಬಿದ್ದು ಗದಗಿಗೆ ಹೋಗುತ್ತಿದ್ದರು. ವೀರು ಮಾತ್ರ ತನ್ನ ಗೆಳೆಯ ಫಕೀರೇಶನ ಹೊಸ ಪ್ಲಾಟುಗಳ ಮುಂದೆ ಗಟಾರ ಮಾಡಿಸುವುದಾಗಿ ಆಗಲೇ ಮಾತು ಕೊಟ್ಟುಬಿಟ್ಟಿದ್ದ. ನಾಳೆ ಅವನೇ ಕುರ್ಚಿಯಲ್ಲಿ ಕೂತರೆ ಗಟಾರ ಈ ವರ್ಷ, ಖೋಲಿ ಮುಂದಿನ ವರ್ಷ. ಮುಂದಿನ ವರ್ಷ ಅಂದರೆ ಗೊತ್ತಲ್ಲ, ಅದು ಬರುವುದೇ ಇಲ್ಲ.

"ನಾಳೆ ನೀನ ಕುಂಡ್ರು. ಏಳು ಅನ್ನು ಅವಗ" ಎಂದಳು ನೀಲಗಂಗವ್ವ.

"ಅಷ್ಟು ಮಂದಿ ಮುಂದ ಹ್ಯಾಂಗ ಅನ್ಲಿ ಅತ್ತಿ? ಅವನ ಮಾರಿ ಸಣ್ಣದಾಗತೈತಿ. ಆಮ್ಯಾಲೆ ಮನ್ಯಾಗ ಮಾತು ಬಿಡತಾನ."

"ದಿನಾ ವೀರೂ ವೀರೂ ಅಂತ ಹೆಸರು ಹಿಡದ ಕರೀತಿ. ಏಳು ಅನ್ನಾಕ ಬಾಯಿ ಬರೂದಿಲ್ಲೇನ? ನಾನು ನಿಮ್ಮ ಮಾವನ ಹೆಸರ ಹೇಳಿದಾಕಿ ಅಲ್ಲ. ಆದ್ರೂ ಎಬ್ಬಿಸಿದೆ."

ಸ್ನೇಹಾ ಸೋಸುವುದನ್ನು ಬಿಟ್ಟು ತಲೆ ಎತ್ತಿದಳು. ಅತ್ತೆ ಹಿಂದೊಮ್ಮೆ ಇದೇ ಪಂಚಾಯ್ತಿಗೆ ಅಧ್ಯಕ್ಷೆಯಾಗಿದ್ದಳೆಂಬುದು ಆಕೆಗೆ ಗೊತ್ತಿತ್ತು. ಮಾವನನ್ನು ಎಬ್ಬಿಸಿದ ಕಥೆ ಗೊತ್ತಿರಲಿಲ್ಲ.

ನೀಲಗಂಗವ್ವ ಹಂಚು ಇಳಿಸಿದಳು. ಆ ದಿನಗಳು ನೆನಪಾದರೆ ಆಕೆಯ ಮುಖಕ್ಕೆ ಬೇರೆಯದೇ ಕಳೆ ಬರುತ್ತಿತ್ತು. ಹೆಂಗಸರಿಗೆ ಪಂಚಾಯ್ತಿಯಲ್ಲಿ ಜಾಗ ಮೀಸಲಾದ ಹೊಸತು. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಗೆದ್ದ ಹೆಂಗಸರಿಗೆಲ್ಲ ತರಬೇತಿ ಎಂದು ಗದಗಿಗೆ ಕರೆದರು. ಲಕ್ಷ್ಮೇಶ್ವರದವರು, ಶಿರಹಟ್ಟಿಯವರು, ಮುಂಡರಗಿಯವರು, ಎಲ್ಲರೂ ಒಂದೇ ಕಲ್ಯಾಣಮಂಟಪದಲ್ಲಿ. ಗಂಡ, ಮಕ್ಕಳು, ಎಮ್ಮೆ ಯಾವುದೂ ಇಲ್ಲದೆ ರಾತ್ರಿ ಮಲಗಿದ್ದು ಜೀವಮಾನದಲ್ಲಿ ಅದೇ ಮೊದಲು. ಬುತ್ತಿ ಬಿಚ್ಚಿದರೆ ಒಬ್ಬೊಬ್ಬರದು ಒಂದೊಂದು ಚಟ್ನಿ. ಸಂಜೆ ಪೇಟೆಗೆ ಬಂದು ಚುರುಮುರಿಯ ಗಿರಮಿಟ್ಟು, ಮಿರ್ಚಿ ತಿಂದದ್ದೇನು, ಬೆಟಗೇರಿ ಸೀರೆಯ ಅಂಗಡಿ ಹೊಕ್ಕು ದರ ಕೇಳಿ ಬರಿಗೈಯಲ್ಲಿ ಹೊರಬಂದದ್ದೇನು! ಅಯ್ಯೋ, ಎಂಥ ಸುಖದ ದಿನಗಳು ಅವು.

ಕಲಿಸಲು ಧಾರವಾಡದಿಂದ ಒಬ್ಬರು ಅಕ್ಕೋರು ಬಂದಿದ್ದರು. ಮೊದಲ ದಿನ ನಿಮ್ಮ ಪರಿಚಯ ಹೇಳಿ ಎಂದರು. ಎಲ್ಲರೂ "ಇಂಥವರ ಹೇಂತಿ" ಎನ್ನಬೇಕು, ಆದರೆ ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಅದಕ್ಕೆ ಒಬ್ಬೊಬ್ಬಳೂ ಎದ್ದು ಒಡಪು ಹಾಕಿದಳು. ಮದುವೆಯಲ್ಲಿ ಹೊಸ ಸೊಸೆಯನ್ನು ಬಾಗಿಲಲ್ಲಿ ತಡೆದು "ಹೆಸರು ಹೇಳಿ ಒಳಗ ಬಾ" ಎನ್ನುತ್ತಾರಲ್ಲ, ಆಗ ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸುತ್ತಾರಲ್ಲ, ಅದೇ ಒಡಪು. ಪರಿಚಯ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಾಳಿಂದ ಗಂಡನ ಹೆಸರು ಬ್ಯಾಡ್ರಿ. ನಿಮ್ಮ ಹೆಸರು ಹೇಳ್ರಿ, ಸಾಕು" ಎಂದರು.

ಮರುದಿನ ಸುಳ್ಳು ಮೀಟಿಂಗಿನ ಆಟ ಆಡಿಸಿದರು. ನೀಲಗಂಗವ್ವ ಅಧ್ಯಕ್ಷೆ. ಕರಿಹಾಳದಿಂದಲೇ ಮೆಂಬರಾಗಿ ಗೆದ್ದ ಗೆಳತಿ ಸಾವಂತ್ರೆವ್ವ ತಲೆಗೆ ರುಮಾಲು ಸುತ್ತಿ ಗಂಡನಾಗಿ ಕುರ್ಚಿ ಹಿಡಿದಳು. ಏಳು ಎಂದರೆ ಮೀಸೆ ತಿರುವಿದಳು, ಬೀಡಿ ಸೇದಿದಂತೆ ಮಾಡಿದಳು, ಕೊನೆಗೆ ಗೊರಕೆಯನ್ನೂ ಹೊಡೆದಳು. ನಕ್ಕು ನಕ್ಕು ಹೆಂಗಸರ ಹೊಟ್ಟೆ ಹುಣ್ಣಾಯಿತು. ಆಟದಲ್ಲಿ ಕೂಡ ಗಂಡನನ್ನು ಎಬ್ಬಿಸಲು ಒಬ್ಬಳಿಂದಲೂ ಆಗಲಿಲ್ಲ.

"ಊರಿಗೆ ಬಂದು ನೋಡ್ತೀನಿ, ನಿಮ್ಮ ಮಾವ ಖರೇನ ಕುರ್ಚ್ಯಾಗ ಕುಂತಾರ. ಊರ ಹಿರ್‍ಯಾರೆಲ್ಲ ಮುಂದ" ಎಂದು ನೀಲಗಂಗವ್ವ ಹೇಳುತ್ತ ಹೋದಳು. "ನಾ ಬಾಗಲದಾಗ ನಿಂತೆ. ಕಾಲು ಮುಂದ ಹೋಗವಲ್ದು, ಹಿಂದ ಬರವಲ್ದು. ಅಷ್ಟರಾಗ ಸಾವಂತ್ರಿ ಹೊಸ್ತಿಲಕ್ಕ ಕೈ ಅಡ್ಡ ಹಿಡದು ಒದರಿದ್ಲು. ಅಧ್ಯಕ್ಷರ, ಹೆಸರು ಹೇಳಿ ಒಳಗ ಬರ್ರಿ ಅಂತ. ನಾ ಸೆರಗು ಸರಿ ಮಾಡ್ಕೊಂಡು ಹೇಳೇ ಬಿಟ್ಟೆ.

ಕಪ್ಪತಗುಡ್ಡದ ಗಾಳಿ ಬೀಸೈತಿ ತಂಪ,
ಊರ ಕುರ್ಚಿ ಬಿಟ್ಟೇಳ್ತಾರ ನಮ್ಮ ಕೊಟ್ರಪ್ಪ."

ಸ್ನೇಹಾ ಬಾಯಿಗೆ ಕೈ ಅಡ್ಡ ಹಿಡಿದಳು. "ಎದ್ರೇನು?"

"ಏಳದ ಏನ್ಮಾಡ್ತಾರ? ಒಡಪಿನಾಗ ಹೆಸರು ಬಿದ್ದ ಮ್ಯಾಲ ಮುರಿಯಾಕ ಬರ್ತೈತೇನ? ಇಡೀ ಚಾವಡಿ ನಗಾಕತ್ತಿತ್ತು. ಎದ್ರು. ವಲ್ಲಿ ಹೆಗಲಿಗೆ ಹಾಕ್ಕೊಂಡು ಬಾಗಲ ದಾಟಿ ಹ್ವಾದ್ರು. ಕುರ್ಚ್ಯಾಗ ಕುಂತೆ ಖರೆ, ಮನಿಗೆ ಹೋದ ಮ್ಯಾಲ ಏನೈತೋ ಅಂತ ಅಂಜಿಕಿ ಇತ್ತು."

"ಆಮ್ಯಾಲೆ? ಮಾವನವರು ಏನಂದ್ರು?"

ನೀಲಗಂಗವ್ವನ ಕಣ್ಣು ತುಂಬಿ ಬಂದವು. ಕೊಟ್ರಪ್ಪ ತೀರಿಕೊಂಡು ವರ್ಷಗಳೇ ಆಗಿದ್ದರೂ ಆ ಮಾತಿಗೆ ಬಂದರೆ ಆಕೆಗೆ ಮುಂದೆ ಹೇಳಲಾಗುತ್ತಿರಲಿಲ್ಲ. "ಹೊಗಿ ಭಾಳ ಆತವ್ವ. ಅದನ್ನ ಇನ್ನೊಮ್ಮೆ ಹೇಳ್ತೀನಿ" ಎಂದು ಎದ್ದುಬಿಟ್ಟಳು.

ಬೆಳಿಗ್ಗೆ ಚಹಾ ಕುಡಿದವಳೇ ಸಾವಂತ್ರೆವ್ವನ ಮನೆಗೆ ನಡೆದಳು. ಸಾವಂತ್ರೆವ್ವನಿಗೆ ಈಗ ಮೊಣಕಾಲು ನೋವು, ಕಿವಿ ಮಂದ, ನಾಲಿಗೆ ಮಾತ್ರ ಆಗಿನಷ್ಟೇ ಚುರುಕು. ವಿಷಯ ಕೇಳಿದ್ದೇ ಕೋಲು ಎತ್ತಿಕೊಂಡಳು.

"ನಾ ಹಾಕಿದ ಗಂಡನ ವೇಷಕ್ಕ ಆಗ ಯಾರೂ ಬಹುಮಾನ ಕೊಡಲಿಲ್ಲ. ನಡಿ, ಇವತ್ತ ತಗೊಂಬರೂಣು" ಎಂದಳು.

ಪಂಚಾಯ್ತಿಯ ಆ ಹಳೆಯ ಚಾವಡಿಗೆ ಈಗ ಟೈಲ್ಸು ಹಾಕಿ ಬಣ್ಣ ಹಚ್ಚಿದ್ದರು. ಹೊಸ್ತಿಲು ಮಾತ್ರ ಅದೇ ಕಲ್ಲಿನದು, ನಡುವೆ ಸವೆದು ತಗ್ಗಾದದ್ದು. ಒಳಗೆ ಜಮಖಾನೆಯ ಮೇಲೆ ಊರು ಕೂತಿತ್ತು. ಸಭೆ ನಡೆಸಲು ಸಹಾಯಕ್ಕೆ ಬಂದ ಅಧಿಕಾರಿ ಅರ್ಜುನ ಮೇಜಿನ ಬಳಿ ನಿಂತಿದ್ದ. ಅಧ್ಯಕ್ಷರ ಗಾಲಿಯ ಕುರ್ಚಿ ಖಾಲಿ ಇತ್ತು. ಸ್ನೇಹಾ ಗೋಡೆಯ ಪಕ್ಕ ಹೆಂಗಸರ ಸಾಲಿನಲ್ಲಿ ನಿಂತಿದ್ದಳು, ಕೈಯಲ್ಲಿ ತರಬೇತಿಯ ಚೀಲ. ನೀಲಗಂಗವ್ವ ಹೊಸ್ತಿಲಿಗೆ ತಾಗಿ ಎಡಕ್ಕೆ ಕೂತಳು. ಸಭೆಗೆ ಬಂದಾಗಲೆಲ್ಲ ಆಕೆ ಕೂರುತ್ತಿದ್ದದ್ದು ಅಲ್ಲೇ. ಮುಂದೆ ಬರ್ರಿ ಎಂದು ಎಷ್ಟು ಕರೆದರೂ ಆ ಜಾಗ ಬಿಡುತ್ತಿರಲಿಲ್ಲ. ಸಾವಂತ್ರೆವ್ವ ಬಲಕ್ಕೆ ಕೂತಳು.

ಬೈಕು ನಿಂತ ಸದ್ದಾಯಿತು. ಇಸ್ತ್ರಿ ಅಂಗಿ ತೊಟ್ಟು, ಬೆರಳಿನಲ್ಲಿ ಕೀಲಿಗೊಂಚಲು ತಿರುಗಿಸುತ್ತ ವೀರು ಬಂದ. ಹೊಸ್ತಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಸಾವಂತ್ರೆವ್ವನ ಕೋಲು ಅಡ್ಡ ಬಂತು. ಕೋಲಿನ ಆಚೆ ತುದಿಯನ್ನು ನೀಲಗಂಗವ್ವ ಗಟ್ಟಿಯಾಗಿ ಹಿಡಿದುಕೊಂಡಳು.

"ಹೆಸರು ಹೇಳಿ ಒಳಗ ಬಾ" ಎಂದಳು ಸಾವಂತ್ರೆವ್ವ.

"ಏ ಆಯಿ, ಹೊತ್ತಾಗೈತಿ, ಕೋಲು ತಗಿ. ಯವ್ವಾ, ನೀನರ ಹೇಳು."

"ನಾ ಏನ ಹೇಳ್ಲಿ? ಪದ್ಧತಿ ಪದ್ಧತೀನ. ಹೇಂತಿ ಹೆಸರು ಹೇಳು. ಆಕಿ ಈ ಚಾವಡಿಗೆ ಏನಾಗಬೇಕು ಅನ್ನೂದನ್ನೂ ಹೇಳು. ಒಡಪಿನಾಗ."

ಒಳಗೆ ಮೊದಲು ಹೆಂಗಸರು ನಕ್ಕರು, ಆಮೇಲೆ ಗಂಡಸರು. "ಹೇಳಲೇ ವೀರ್‍ಯಾ!" ಎಂದು ಹಿಂದಿನಿಂದ ಶೇಖಸಾಬ ಕೂಗಿದ. ಆತ ವೀರುವಿನ ಜೊತೆ ಶಾಲೆ ಕಲಿತವನು. ವೀರುವಿನ ಕಿವಿ ಕೆಂಪಾದವು. ತಾಯಿಯ ಮುಖ ನೋಡಿದ. ಅಲ್ಲಿ ನಗು ಇರಲಿಲ್ಲ. ಮಗನ ಮಾನ ಕಳೆಯುತ್ತಿದ್ದೇನೇನೋ ಎಂದು ಆಕೆಗೆ ಸಂಕಟ. ಆದರೂ ಕೋಲಿನ ಹಿಡಿತ ಸಡಿಲಿಸಲಿಲ್ಲ.

ವೀರು ತಲೆ ಕೆರೆದುಕೊಂಡ. ರಸ್ತೆಯಾಚೆಯ ಚಹಾದ ಅಂಗಡಿಯ ಕಡೆ ಒಮ್ಮೆ ನೋಡಿದ. ಕೆಮ್ಮಿದ.

"ಗಿರಮಿಟ್ಟಿಗೆ ಮಿರ್ಚಿ, ಮಿರ್ಚಿಗೆ ಚಹಾ..." ಎಂದು ನಿಂತ. "ಈ ಊರ ಅಧ್ಯಕ್ಷರು... ನಮ್ಮ ಸ್ನೇಹಾ."

ಹೋ ಎಂದು ಚಪ್ಪಾಳೆ ಬಿತ್ತು. ಕೋಲು ಸರಿಯಿತು. ವೀರು ಒಳಗೆ ಬಂದ, ಬಂದು ಎಲ್ಲಿ ಹೋಗಬೇಕೆಂದು ತಿಳಿಯದೆ ನಡುವೆ ನಿಂತ. ಊರೆಲ್ಲ ಕೇಳುವ ಹಾಗೆ ಅಧ್ಯಕ್ಷರು ಯಾರೆಂದು ತಾನೇ ಹೇಳಿದ ಮೇಲೆ ಆ ಕುರ್ಚಿಯಲ್ಲಿ ಯಾವ ಮುಖ ಹೊತ್ತು ಕೂರುವುದು?

ಆಗ ಗೋಡೆ ಬಿಟ್ಟು ಸ್ನೇಹಾ ಬಂದಳು. ಗಂಡನ ಮುಂದೆ ಕೈ ಚಾಚಿದಳು.

"ವೀರು, ನನ್ನ ಕೀಲಿ" ಎಂದಳು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ.

ಅವನು ಗೊಂಚಲಿನಿಂದ ಬಿಚ್ಚಲು ಹೋದ. ಉಗುರಿಗೆ ರಿಂಗು ಸಿಗಲಿಲ್ಲ, ಎರಡು ಸಲ ಜಾರಿತು. ಆಕೆ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಬಿಚ್ಚಿ ಅಂಗೈಯಲ್ಲಿಟ್ಟ. ಸ್ನೇಹಾ ಹೋಗಿ ಕುರ್ಚಿಯಲ್ಲಿ ಕೂತಳು. ಅದರ ಗಾಲಿ ಹಿಂದಕ್ಕೆ ಸರಿಯಿತು. ಮೇಜು ಹಿಡಿದು ಮುಂದಕ್ಕೆ ಬಂದಳು. ನೀಲಗಂಗವ್ವನ ಕಣ್ಣಿಗೆ ಅಲ್ಲಿ ಸೊಸೆ ಕಾಣಲಿಲ್ಲ. ಇಳಕಲ್ಲ ಸೀರೆಯ ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತ, ಕಟ್ಟಿಗೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ ಹರೆಯದ ಹೆಣ್ಣೊಬ್ಬಳು ಕಂಡಳು. ಆ ಹೆಣ್ಣನ್ನು ನೋಡದೆ ಎಷ್ಟು ಕಾಲವಾಗಿತ್ತು!

ಸಭೆ ಶುರುವಾಯಿತು. ವೀರು ಕೈ ಎತ್ತಿ, "ಫಕೀರೇಶನ ಪ್ಲಾಟಿನ ಗಟಾರದ್ದು..." ಎಂದ.

"ಬರ್ಕೋತೀವಿ. ಮೊದಲ ಹೆಣ್ಣಮಕ್ಕಳು ಮಾತಾಡ್ಲಿ, ಆಮ್ಯಾಲೆ ನಿಮ್ಮ ಸರದಿ" ಎಂದಳು ಅಧ್ಯಕ್ಷೆ.

ವೀರು ಕೂರಲು ಜಾಗ ಹುಡುಕಿದ. ಜಮಖಾನೆ ತುಂಬಿತ್ತು. ಬಾಗಿಲವರೆಗೂ ಬಂದು, ಇನ್ನೇನು ದಾಟಿ ಹೋಗಿಬಿಡಬೇಕು, ಅಷ್ಟರಲ್ಲಿ ಸಾವಂತ್ರೆವ್ವ ಕೋಲು ಎತ್ತಿಕೊಂಡು ಅವನಿಗೆ ಜಾಗ ಬಿಟ್ಟು ಅತ್ತ ಸರಿದಳು. ನೀಲಗಂಗವ್ವ ಅಂಗೈಯಿಂದ ತನ್ನ ಪಕ್ಕದ ನೆಲ ತಟ್ಟಿದಳು. ಅವನು ಮುಖ ದಪ್ಪ ಮಾಡಿಕೊಂಡೇ ತಾಯಿಯ ಪಕ್ಕ ಕೂತ.

"ಮಂದ್ಯಾಗ ಹಿಂಗ ಮಾಡಬಾರದಿತ್ತು ಯವ್ವಾ" ಎಂದ, ಸಣ್ಣ ದನಿಯಲ್ಲಿ.

"ನಿಮ್ಮಪ್ಪಾರೂ ಇಲ್ಲೇ ಕುಂಡ್ರತಿದ್ರು."

ವೀರು ತಿರುಗಿ ನೋಡಿದ.

"ಕುರ್ಚಿ ಬಿಟ್ಟೆದ್ದು ಹೋದ ದಿನ ಮನಿಗೆ ಹ್ವಾದ್ರು ಅಂತ ತಿಳಿದಿದ್ದೆ. ಮೀಟಿಂಗ್ ಮುಗಿಸಿ ಅಂಜಿಕೋಂತ ಹೊರಗ ಬಂದರ, ಈ ಹೊಸ್ತಿಲ ಮಗ್ಗಲಕ ಕುಂತಿದ್ರು. ನಾಯಿ ಒಯ್ದಾವು ಅಂತ ನನ್ನ ಚಪ್ಪಲಿ ಕಾಯ್ಕೋಂತ. ಅಧ್ಯಕ್ಷರ, ಕಾಲಾಗ ಹಾಕ್ಕೋರಿ, ಬಿಸಲು ಐತಿ ಅಂದ್ರು. ಐದು ವರ್ಷ ಎಷ್ಟು ಮೀಟಿಂಗ್ ಆದ್ವೋ, ಅಷ್ಟಕ್ಕೂ ಬಂದು ಇಲ್ಲೇ ಕುಂತ್ರು. ಎದ್ದು ಕುರ್ಚಿ ಕಡೆ ಬರಲಿಲ್ಲ, ಬಿಟ್ಟು ಮನಿಗೂ ಹೋಗಲಿಲ್ಲ."

ಅಷ್ಟು ಹೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಒಬ್ಬ ಹುಡುಗಿ ಎದ್ದು ನಿಂತು ಓದುವ ಖೋಲಿಯ ಮಾತು ತೆಗೆದಿದ್ದಳು.

ವೀರು ಆ ಸವೆದ ಹೊಸ್ತಿಲ ಕಲ್ಲನ್ನು ಕೈಯಿಂದ ಸವರುತ್ತ ಕೂತ. ಆಮೇಲೆ ಹೊಸ್ತಿಲಾಚೆ ರಾಶಿ ಬಿದ್ದಿದ್ದ ಚಪ್ಪಲಿಗಳ ಕಡೆಗೆ ಬಗ್ಗಿ, "ಯವ್ವಾ, ಆಕಿವು ಯಾವು?" ಎಂದು ಕೇಳಿದ.