ಬೀಗದವನು ಸುರಕ್ಷತಾ ಸಮಿತಿ ಸೇರಿದ್ದು

“ಏಯ್ ಬೋಳಿಮಗನೆ, ಅಂಗಿ ಯಾಕೋ ಬಿಚ್ತೀಯ? ಇವತ್ತು ನೀನು ಅತಿಥಿ ಕಣೋ!”

ಪೇದೆ ಹೀಗೆ ಗದರಿದಾಗ ಬೀಗದವನು ಮೂರನೇ ಗುಂಡಿಗೆ ಕೈ ಹಾಕಿದ್ದ. ಠಾಣೆಯ ಹೊಸ್ತಿಲು ದಾಟಿದರೆ ಸಾಕು, ಅವನ ಕೈ ತಾನಾಗಿ ಗುಂಡಿ ಬಿಚ್ಚುತ್ತಿತ್ತು. ಪೇಟೆಯಲ್ಲಿ ಯಾರ ಮನೆ ಕಳವಾದರೂ ಮೊದಲು ಎಳೆದು ತರುತ್ತಿದ್ದದ್ದು ಫುಟ್‌ಪಾತಿನಲ್ಲಿ ಕೂತು ಬೀಗ ರಿಪೇರಿ ಮಾಡುವ ಅವನನ್ನೇ. ಒಂದು ಸೂಜಿಯನ್ನೂ ಕದ್ದವನಲ್ಲ. ಆದರೂ ಕಳ್ಳರಿಗಿಂತ ಹೆಚ್ಚು ಒದೆ ತಿಂದವನು. “ಕದ್ದಿದ್ರೆ ಸಾಮಾನಾದ್ರೂ ಮನೆಗೆ ಬರ್ತಿತ್ತು,” ಎಂದು ಹೆಂಡತಿ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಹಂಗಿಸುತ್ತಿದ್ದಳು.

ನಗರದ ಸುರಕ್ಷತಾ ಸಮಿತಿಗೆ ಬೀದಿಯ ಜನರನ್ನೂ ಸೇರಿಸಿಕೊಳ್ಳಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಬೀದಿಯ ಜನ ಎಂದೊಡನೆ ಇನ್ಸ್‌ಪೆಕ್ಟರಿಗೆ ಹಿಡಿದು ತಂದು ರೂಢಿಯಿದ್ದ ಈ ಮುಖವೇ ನೆನಪಾಯಿತು. ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಫೋಟೊ ತೆಗೆದರು. ಬೀಗದವನು ಅಭ್ಯಾಸಬಲದಿಂದ ಮುಖವನ್ನು ಪಕ್ಕಕ್ಕೂ ತಿರುಗಿಸಿ ಕೊಟ್ಟ.

ಸಮಿತಿಯ ಅಧ್ಯಕ್ಷ ಬಟ್ಟೆ ಕಾರ್ಖಾನೆಯ ಧಣಿ. “ಈ ಊರಿಗೆ ಅಪಾಯ ಅಂದ್ರೆ ಫುಟ್‌ಪಾತ್ ಮೇಲೆ ಕೂರೋ ಜನ,” ಎಂದು ಭಾಷಣ ಬಿಗಿದು, “ಸದಸ್ಯರು ಏನಾದ್ರೂ ಹೇಳೋದಿದ್ಯಾ?” ಎಂದ. ಕೇಳಿದ್ದು ಬಾಯಿಮಾತಿಗೆ. ಜಾಕೆಟ್ಟಿನ ಹುಮ್ಮಸ್ಸಿನಲ್ಲಿ ಬೀಗದವನು ಅದನ್ನು ನಿಜವೆಂದೇ ನಂಬಿ ಎದ್ದು ನಿಂತ.

“ಧಣಿ, ಕಾರ್ಖಾನೆ ಹಿಂದಿನ ಬಾಗ್ಲಿಗೆ ನನ್ ಕೈಲೇ ಬೀಗ ಹಾಕ್ಸಿದ್ರಲ್ಲ, ಹೆಂಗಸ್ರು ಆಚೆ ಹೋಗ್ಬಾರ್ದು ಅಂತ. ನಿನ್ನೆ ಮೋಟ್ರು ಸುಟ್ಟು ಒಳಗೆಲ್ಲ ಹೊಗೆ ತುಂಬ್ಕೊಂಡಿತ್ತಂತೆ. ನನ್ ಹೆಂಡ್ತೀನೂ ಅಲ್ಲೇ ಹೊಲಿಯೋದು. ಅದೊಂದು ತೆಗೆಸ್ಬಿಟ್ರೆ...”

“ಥೂ ಲೋಫರ್! ಕುರ್ಚಿ ಕೊಟ್ರೆ ತಲೆ ಮೇಲೆ ಹತ್ತಿ ಕೂರ್ತೀಯಾ? ಅವ್ರು ಬಟ್ಟೆ ಕದ್ಕೊಂಡು ಇಳಿದ್ರೆ ನಿಮ್ಮಪ್ಪ ಕಟ್ಕೊಡ್ತಾನಾ?” ಎಂದು ಧಣಿ ಕೆರಳಿದ.

ಇನ್ಸ್‌ಪೆಕ್ಟರ್ ಕಣ್ಣಸನ್ನೆ ಮಾಡಿದ. “ನೀನು ಚಪ್ಪಾಳೆ ತಟ್ಟೋ ಸದಸ್ಯ ಕಣೋ, ಮಾತಾಡೋ ಸದಸ್ಯ ಅಲ್ಲ,” ಎನ್ನುತ್ತಾ ಪೇದೆ ಅವನ ಕತ್ತು ಹಿಡಿದು ಹೊರಗೆ ದಬ್ಬಿದ.

ಬೀಗದವನು ಅಲ್ಲಿಂದ ಸೀದಾ ಕಾರ್ಖಾನೆಯ ಹಿಂದಿನ ಓಣಿಗೆ ಹೋಗಿ ಕಬ್ಬಿಣದ ಮೆಟ್ಟಿಲು ಹತ್ತಿದ. ತಂತಿ ಆಡಿಸಿದ್ದರೆ ಬೀಗ ಸದ್ದಿಲ್ಲದೆ ಬಾಯಿ ಬಿಡುತ್ತಿತ್ತು. ಆದರೆ ನಾಳೆ ಧಣಿ ಮತ್ತೆ ಅದನ್ನೇ ಜಡಿಯುತ್ತಿದ್ದ. ಚಿಲಕದ ಸಮೇತ ಕಿತ್ತು ಹಾಕಬೇಕೆಂದು ಹಾಡಹಗಲೇ, ಓಣಿಯೆಲ್ಲ ನೋಡುತ್ತಿರುವಂತೆ ಹೆಗಲ ಚೀಲದಿಂದ ಸುತ್ತಿಗೆ ತೆಗೆದು ಬೀಸಿದ. ಚಿಲಕ ಜಪ್ಪಯ್ಯ ಎನ್ನಲಿಲ್ಲ. ಧಣಿಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲೆಂದು ಉದ್ದುದ್ದ ಮೊಳೆ ಹೊಡೆದವನು ತಾನೇ ಅಲ್ಲವೇ! ಜೀವಮಾನದಲ್ಲಿ ಒಂದೇ ಒಂದು ಕೆಲಸ ಗಟ್ಟಿಯಾಗಿ ಮಾಡಿದ್ದೆ, ಅದೂ ಇದೇ ಆಗಬೇಕಿತ್ತೇ ಎಂದು ತನ್ನನ್ನೇ ಶಪಿಸಿಕೊಂಡ.

“ಯಾವನೋ ಅದು ಬಾಗ್ಲು ಕುಟ್ಟೋನು?” ಒಳಗಿನಿಂದ ಹೆಂಡತಿಯ ಗಂಟಲು.

“ನಾನೇ ಕಣೇ. ಬೀಗ ಒಡೀತಿದೀನಿ.”

ಒಳಗೆ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

“ಅಯ್ಯೋ ನಿನ್ನ, ಅದೂ ಬರಲ್ವಲ್ಲೋ ನಿಂಗೆ! ಜೋರಾಗಿ ಹೊಡಿ. ಈ ಕಡೆಯಿಂದ ನಾವು ಒದೀತೀವಿ.”

ಬಾಗಿಲು ಎರಡೂ ಕಡೆಯಿಂದ ಅದುರತೊಡಗಿತು. ಕೆಳಗೆ ಜೀಪು ಬಂದು ನಿಂತಿತು. ಮೊದಲು ಧಣಿಯ ಕಿರುಚಾಟ, ಆಮೇಲೆ ಇನ್ಸ್‌ಪೆಕ್ಟರನ ಗುಡುಗು:

“ಯಾವನ್ಲೇ ಅವ್ನು, ಬೀಗ ಒಡೆಯೋ ಸೂಳೇಮಗ?”

ಬೀಗದವನು ತಿರುಗಿ ನೋಡಲಿಲ್ಲ.

“ಸಮಿತಿ ಸದಸ್ಯ, ಸಾರ್!” ಎಂದು ಕೂಗಿ ಮತ್ತೆ ಸುತ್ತಿಗೆ ಎತ್ತಿದ.