ಹಿಡಿದಿಟ್ಟ ಟಪಾಲು

ಬೈಲಹೊಂಗಲದ ಹತ್ತಿ ಫ್ಯಾಕ್ಟರಿಯ ಮೇಲ್ ಸರ್ವರ್ ಸಿಡಿಲಿಗೆ ಸುಟ್ಟುಹೋಯಿತು ಎಂಬ ಸುದ್ದಿ ಕೇಳಿದಾಗ ಶೈಲಜಾ ನಗಲಿಲ್ಲ. ತನ್ನ ಇಂಟರ್‌ನೆಟ್ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು.

ಆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಬೆಳಗಾವಿಯಲ್ಲಿ ಎರಡನೆಯ ಸರ್ವರೊಂದನ್ನು ಗೊತ್ತುಮಾಡಿದವಳು ಅವಳೇ. ಮೊದಲನೆಯದು ಬಿದ್ದರೆ ಬಂದ ಮೇಲ್‌ಗಳೆಲ್ಲ ಅಲ್ಲಿ ಇಳಿಯಬೇಕು, ಅಲ್ಲಿಂದಲೇ ಉತ್ತರವೂ ಹೋಗಬೇಕು, ವ್ಯಾಪಾರ ನಿಲ್ಲಬಾರದು. ಆಮೇಲೆ ಮಾಲೀಕ ಅಂದಾನೆಪ್ಪ ಅವಳನ್ನು ಹೊರಹಾಕಿದ. ಎರಡನೆಯ ಸರ್ವರನ್ನು ಮರೆತ. ಅದರ ಪಾಸ್‌ವರ್ಡ್ ಅವಳ ತಲೆಯಲ್ಲೇ ಉಳಿಯಿತು.

ಮೇಲ್‌ನಲ್ಲಿ ಬಂದ ಹತ್ತಿಯ ದರವನ್ನು ಸವದತ್ತಿಯ ವ್ಯಾಪಾರಿ ರಾಯಪ್ಪನಿಗೆ ತಿಳಿಸಿದಳು ಎಂಬುದು ಅವಳ ಮೇಲಿನ ಆರೋಪ. ತೂಕದ ಕಾಟಾದ ಮುಂದೆ, ಹಮಾಲರೆಲ್ಲ ನೋಡುತ್ತಿದ್ದಂತೆ ಅಂದಾನೆಪ್ಪ ಅವಳ ಚೀಲ ಕೊಡವಿಸಿದ್ದ. ಬಾಚಣಿಗೆ, ಬುತ್ತಿ ಡಬ್ಬಿ ಧೂಳಿನಲ್ಲಿ ಬಿದ್ದವು. ನಿಜವಾಗಿ ದರ ಬಾಯಿಬಿಟ್ಟವನು ಅಂದಾನೆಪ್ಪನೇ, ಯಾರದೋ ಮದುವೆಯ ಊಟದಲ್ಲಿ ಬಡಾಯಿ ಕೊಚ್ಚುತ್ತ. ಅದು ಅವನಿಗೂ ಆಮೇಲೆ ಗೊತ್ತಾಯಿತು. ಗೊತ್ತಾದದ್ದನ್ನು ನುಂಗಿಕೊಂಡ. ಅಷ್ಟರಲ್ಲಿ ರಾಮದುರ್ಗದಿಂದ ಬಂದಿದ್ದ ಸಂಬಂಧ ‘ಹುಡುಗಿ ಕೈ ಸುದ್ದ ಇಲ್ಲಂತ’ ಎಂದು ಮುರಿದಿತ್ತು.

ಈಗ ಅವನ ಟಪಾಲೆಲ್ಲ ಅವಳ ಮುಂದೆ ಸಾಲಾಗಿ ನಿಂತಿತ್ತು. ಎಲ್ಲಕ್ಕಿಂತ ಮೇಲೆ ಕೊಯಿಮತ್ತೂರಿನ ಗಿರಣಿಯದು: ಇಡೀ ಹಂಗಾಮಿನ ಹತ್ತಿ ಬೇಕು, ಇವತ್ತು ಸಂಜೆಯೊಳಗೆ ಕಂಪನಿಯ ವಿಳಾಸದಿಂದಲೇ ಒಪ್ಪಿಗೆ ಬರಬೇಕು, ಇಲ್ಲದಿದ್ದರೆ ಸವದತ್ತಿಯವರನ್ನು ಕೇಳುತ್ತೇವೆ.

ಮಧ್ಯಾಹ್ನ ಅಂದಾನೆಪ್ಪನೇ ಬಂದ. ಚಪ್ಪಲಿ ಹೊರಗೆ ಬಿಟ್ಟ.

“ಶೈಲಜಾ ಅವ್ರ, ಆರಾಮ ಅದೀರೇನ್ರಿ?”

“ಏನ್ ಸಾವ್ಕಾರ್ರ, ದಾರಿ ತಪ್ಪಿ ಬಂದ್ರೇನು?”

“ಬೆಳಗಾವಿಯವ್ರು ಹೇಳಿದ್ರು, ಕೀಲಿ ನಿಮ್ಮ ಕಡೇನ ಐತಂತ. ಆ ಟಪಾಲೊಂದು ಬಿಡ್ರಿ. ಗಿರಣಿಯವ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ.”

“ಕಳ್ಳಿ ಕೈಯಾಗಿಂದು ಮುಟ್ಟತೀರೇನ್ರಿ? ಮೈಲಿಗಿ ಆದೀತು.”

“ಆಗಿದ್ದು ಆತು ಬಿಡ್ರಿ, ತಂಗಿ.”

“ಎಲ್ಲಿ ಆಗಿತ್ತೋ ಅಲ್ಲೇ ಹೇಳ್ರಿ. ಕಾಟಾದ ಮುಂದ, ಎಲ್ಲಾರೂ ಇದ್ದಾಗ. ಹೇಳಿದ ಕೂಡ್ಲೆ ಟಪಾಲು ಬಿಡತೇನಿ.”

ಅವನ ಮೀಸೆ ಅದುರಿತು. ಆದರೂ ಎದ್ದು ನಡೆದ. ಅವಳು ಹಿಂದೆಯೇ ಹೋದಳು.

ಫ್ಯಾಕ್ಟರಿಯ ಅಂಗಳದಲ್ಲಿ ಹಮಾಲರು ಹತ್ತಿಯ ಅಂಡಿಗೆ ಇಳಿಸಿ ನಿಂತರು. ಅಂದಾನೆಪ್ಪ ಗಂಟಲು ಸರಿಮಾಡಿಕೊಂಡ. ನಿದ್ದೆ ಬಾರದ ರಾತ್ರಿಗಳಲ್ಲಿ ಅವಳು ಮನಸ್ಸಿನಲ್ಲೇ ಅವನ ಬಾಯಿಂದ ಆಡಿಸಿದ್ದ ಮಾತು ಈಗ ನಿಜವಾಗಿ ಬರಲಿತ್ತು.

“ಕೇಳ್ರೆಪಾ. ಅವತ್ತು ದರ ಹೊರಗ ಹೋಗಿದ್ದು ನನ್ನಿಂದ. ಈಕಿ ಏನೂ ಮಾಡಿಲ್ಲ. ಈಕಿ ಪಾಪ, ಹೊಟ್ಟಿಪಾಡಿಗೆ ಬಂದಾಕಿ.”

ಈಕಿ.

ಅಂಗಡಿಯಲ್ಲಿ ಯಾರೂ ಇಲ್ಲದಾಗ ‘ಅವ್ರ’, ನಾಲ್ಕು ಜನರ ಮುಂದೆ ‘ಈಕಿ’. ಹಮಾಲರಿಗಾದರೂ ‘ಕೇಳ್ರೆಪಾ’ ಎಂದಿದ್ದ. ಬೇಕಂತ ಅಂದದ್ದಲ್ಲ ಎಂಬುದು ಅವಳಿಗೂ ಗೊತ್ತು. ನಾಲಗೆ ತಾನಾಗಿಯೇ ರೂಢಿಯ ಜಾಗಕ್ಕೆ ಹೋಗಿ ಕೂತಿತ್ತು. ಬೇಕಂತ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

“ಆತಲ್ರಿ?” ಎಂದ ಅಂದಾನೆಪ್ಪ, ಅವಳಿಗಷ್ಟೇ ಕೇಳುವಂತೆ.

“ಆತ್ರಿ. ಪೂರಾ ಆತು.”

ಅಂಗಡಿಗೆ ಬಂದು ಕೀಬೋರ್ಡ್ ಎಳೆದುಕೊಂಡಳು. ಟಪಾಲು ಬಿಡತೇನಿ ಎಂದಿದ್ದಳು. ಯಾವ ಕಡೆಗೆ ಎಂದು ಹೇಳಿರಲಿಲ್ಲ. ಒಂದೊಂದನ್ನೇ ಕಳಿಸಿದವರಿಗೇ ತಿರುಗಿಸಿದಳು, ಕೊಯಿಮತ್ತೂರಿನದೇ ಮೊದಲು. ಪ್ರತಿಯೊಂದರ ನೆತ್ತಿಯ ಮೇಲೂ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ವಿಳಾಸದಲ್ಲಿ ಇಂಥ ವ್ಯಕ್ತಿ ಯಾರೂ ಇಲ್ಲ. ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ಸೊಕ್ಕು ಇಲ್ಲವಲ್ಲ ಎಂದು ಅವಳಿಗೆ ತುಸು ಬೇಸರವೇ ಆಯಿತು.

ಹೊತ್ತು ಮುಳುಗಿದ ಮೇಲೆ ಮನೆಯ ಫೋನು ಬಡಿದುಕೊಂಡಿತು. ತಾಯಿ ಸೋಮವ್ವ ಎತ್ತಿದಳು.

“ಯಾರೋ ಸಾವ್ಕಾರಂತ ನೋಡವಾ. ಆರ್ಡರ್ ಸವದತ್ತಿ ಪಾಲಾತಂತ, ಒದರಾಕತ್ತಾನ.”

“ಒದರ್ಲಿ,” ಎಂದಳು ಶೈಲಜಾ, ರೊಟ್ಟಿ ಮುರಿಯುತ್ತ. “ಇನ್ನೊಂಚೂರು ಪಲ್ಯ ಹಾಕು. ಭಾಳ ರುಚಿ ಆಗೇತಿ.”