ಪದ್ಮಾಳ ಇಪ್ಪತ್ನಾಲ್ಕನೆಯ ಏಕಾದಶಿ

ತೊರೆ ದಾಟುವ ಹೊತ್ತಿಗೇ ನನಗೆ ಸಾಕಾಗಿತ್ತು. ಮೊಣಕಾಲಿನವರೆಗೆ ಬರುವ ಕೆಸರುನೀರು. ಬೂಟು ಬಿಚ್ಚಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಸುರಭಿಯ ಭುಜದ ಮೇಲಿಟ್ಟು ದಾಟಿದೆ. ಆಚೆ ದಡದಲ್ಲಿದ್ದ ಹೆಂಗಸೊಬ್ಬಳು ಕೇಳದೆಯೇ ತನ್ನ ಊರುಗೋಲಿನ ತುದಿಯನ್ನು ನನ್ನತ್ತ ಚಾಚಿದಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಇಂಥ ಕೋಲುಗಳನ್ನು ಹಿಡಿದುಕೊಳ್ಳಲು ನನಗೆ ಸಂಕೋಚವಿಲ್ಲ.

ಕೂತು ಕಾಲೊರೆಸಿಕೊಳ್ಳುತ್ತಾ ತಲೆಯೆತ್ತಿ ನೋಡಿದೆ. ಮರುಭೂಮಿಯ ನಡುವೆ ಸಾವಿರದೈನೂರು ಅಡಿಯ ಕಲ್ಲಿನ ಗೋಡೆ. ಅದನ್ನು ಮೇಲಿಂದ ಕೆಳಗಿನವರೆಗೆ ಸೀಳಿದ ಹಾಗೆ ಒಂದು ಸಂದು. ಆ ಸಂದಿನೊಳಗಿಂದ ರಿಯೊ ಗ್ರಾಂಡೆ ನದಿ ಏನೂ ಅವಸರವಿಲ್ಲದೆ ಹೊರಗೆ ಬರುತ್ತಿತ್ತು. ಈಚೆ ದಡ ಟೆಕ್ಸಸ್, ಆಚೆ ದಡ ಮೆಕ್ಸಿಕೊ. ನಾವು ನಡೆಯಬೇಕಾಗಿದ್ದದ್ದು ಆ ಸಂದಿನೊಳಕ್ಕೆ. ಗೋಡೆಗಳು ನೀರಿಗೇ ಇಳಿದು ದಾರಿ ಮುಗಿದುಹೋಗುವ ಜಾಗದ ತನಕ.

ಇದು ಸುರಭಿಯ ಆಸೆ. ಸುರಭಿ ನನ್ನ ನಾದಿನಿ ಪದ್ಮಾಳ ಮಗಳು. ಹುಟ್ಟಿ ಬೆಳೆದದ್ದೆಲ್ಲ ಕೆನಡಾದ ವಿಟ್ಬಿಯಲ್ಲಿ, ಕೆಲಸ ಬೋಲ್ಟನ್ನಿನ ಒಂದು ದೊಡ್ಡ ಗೋದಾಮಿನಲ್ಲಿ ಎಂಜಿನಿಯರ್. ಎರಡು ವರ್ಷದ ಹಿಂದೆ ಅವಳ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೀಮೋ ನಡೆಯುತ್ತಿದ್ದ ತಿಂಗಳುಗಳಲ್ಲಿ ಮಂಚದ ಎದುರಿಗೆ ಈ ಕಣಿವೆಯ ಚಿತ್ರ ಅಂಟಿಸಿಕೊಂಡಿದ್ದಳು. "ಇದೆಲ್ಲ ಮುಗಿದ ಮೇಲೆ ಅಮ್ಮನ ಜೊತೆ ಅಲ್ಲಿಗೆ ನಡೀತೀನಿ ಅತ್ತೆ. ನೀವೂ ಬರ್ಬೇಕು," ಅಂದಿದ್ದಳು. ಹಾಗೆಂದ ದಿನ ಅವಳ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಆಗದು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಹೋದ ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು. ಈ ಫೆಬ್ರವರಿಯ ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲವೆಂದರು. ಸುರಭಿ ಅದೇ ವಾರ ಟಿಕೆಟ್ ತೆಗೆದಳು. ಪದ್ಮಾಳ ಗಂಡ ಪುರುಷೋತ್ತಮ ಮಂಡಿನೋವೆಂದು ಮನೆಯಲ್ಲೇ ಉಳಿದರು. ನಾನು ನನ್ನ ಮನೆಯಿರುವ ಎಟೋಬಿಕೋಕಿನ ಕೆರೆ ದಂಡೆಯಲ್ಲಿ, ಹಿಮ ಕರಗಿ ಕೆಸರಾಗಿದ್ದ ದಾರಿಯಲ್ಲಿ, ಹೊಸ ಬೂಟು ಹಾಕಿಕೊಂಡು ಆರು ವಾರ ನಡೆದು ಅಭ್ಯಾಸ ಮಾಡಿದೆ. ಒಂಟಾರಿಯೊ ಸರೋವರವನ್ನು ನಾವು ಇವತ್ತಿಗೂ ಕೆರೆ ಅಂತಲೇ ಅನ್ನುವುದು.

ಭಾನುವಾರ ಎರಡು ವಿಮಾನ, ಸೋಮವಾರ ವ್ಯಾನಿನಲ್ಲಿ ನಾಲ್ಕು ಗಂಟೆಯ ಪ್ರಯಾಣ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತೊರೆ ದಾಟಿದ್ದೆವು.

ತೊರೆಯಾದ ಮೇಲೆ ಬಂಡೆಗೆ ಕೊರೆದ ಮೆಟ್ಟಿಲುಗಳು. ತಿರುವು ತಿರುವಾಗಿ ಹತ್ತಬೇಕು, ಆಮೇಲೆ ಅಷ್ಟೇ ಇಳಿಯಬೇಕು. ಇಕ್ಕೆಲದಲ್ಲೂ ಬೆತ್ತದಂಥ ಮುಳ್ಳುಕಡ್ಡಿಗಳು, ಒಂದೊಂದರ ತುದಿಗೂ ದೀಪ ಹಚ್ಚಿಟ್ಟಂತೆ ಕೆಂಪು ಹೂವು. ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳಿಗೆ ನಿಂತು ನೋಡುವ ಆಸೆ. ಆದರೆ ನಿಂತರೆ ಬಿಸಿಲು ತಲೆಯ ಮೇಲೆ ಕೈಯಿಟ್ಟು ಒತ್ತುತ್ತಿತ್ತು. ನಾನು ತಿರುವಿಗೊಂದು ಸಲ ನೀರು ಕುಡಿದೆ. ಮೂರನೆಯ ತಿರುವಿನಲ್ಲಿ ಗಮನಿಸಿದೆ: ಪದ್ಮಾ ತನ್ನ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಅಮ್ಮಾ, ಪ್ಲೀಸ್, ಒಂದು ಸಿಪ್ಪಾದ್ರೂ," ಅಂದಳು ಸುರಭಿ.

"ಕುಡಿದೆ ಕಣೇ ಆಗ್ಲೇ. ನೀನು ಮುಂದೆ ನಡಿ. ಪೊಲೀಸಮ್ಮನ ಹಾಗೆ ಹಿಂದೆ ಬೀಳ್ಬೇಡ."

ಸುರಭಿ ನನ್ನ ಮುಖ ನೋಡಿದಳು. ತನ್ನ ಚೀಲದಿಂದ ಇನ್ನೂ ಎರಡು ಬಾಟಲಿ ನೀರು ತೆಗೆದು ನನ್ನ ಚೀಲಕ್ಕೆ ಸೇರಿಸಿದಳು. "ನೀವಿಬ್ರೂ ಸ್ಲೋ ಆಗಿ ಬನ್ನಿ ಅತ್ತೆ. ನಾನು ಎಂಡ್‌ವರೆಗೂ ಹೋಗಿ, ದಾರಿ ಹೇಗಿದೆ ನೋಡ್ಕೊಂಡು ವಾಪಸ್ ಬರ್ತೀನಿ," ಎಂದು ಹೊರಟಳು.

ಮೆಟ್ಟಿಲಿಳಿದು ಕಣಿವೆಯೊಳಗೆ ಬಂದಾಗ ಒಂದು ಬಂಡೆಯ ಕೆಳಗೆ ನೆರಳು ಸಿಕ್ಕಿತು. ಪದ್ಮಾ ಕೂರಲಿಲ್ಲ, ಕುಸಿದಳು. ತುಟಿ ಬಿರಿದು ಬೆಳ್ಳಗಾಗಿತ್ತು.

"ಪದ್ಮಾ, ನಿಜ ಹೇಳು. ಯಾವಾಗಿಂದ ನೀರು ಕುಡಿದಿಲ್ಲ?"

ಅವಳು ಸುರಭಿ ಹೋದ ದಿಕ್ಕನ್ನೊಮ್ಮೆ ನೋಡಿದಳು. "ನಿನ್ನೆ ರಾತ್ರಿಯಿಂದ. ಇವತ್ತು ಏಕಾದಶಿ ಅತ್ತಿಗೆ."

"ಈ ಬಿಸಿಲಲ್ಲಿ?"

"ಅವಳ ಆಪರೇಷನ್ ದಿನ ಆಸ್ಪತ್ರೇಲಿ ಕೂತು ಹರಕೆ ಹೊತ್ತೆ. ಒಂದು ವರ್ಷ, ಇಪ್ಪತ್ನಾಲ್ಕು ಏಕಾದಶಿ, ನೀರೂ ಮುಟ್ಟಲ್ಲ ಅಂತ. ಇಪ್ಪತ್ಮೂರು ಆಯ್ತು. ಇದೇ ಕೊನೇದು."

"ಅವಳಿಗೆ ಹೇಳಿದ್ರೆ ಟಿಕೆಟ್ಟನ್ನ ಇನ್ನೊಂದು ದಿನಕ್ಕೆ ತೆಗೀತಿದ್ದಳಲ್ಲೇ."

"ಬೈತಿದ್ದಳು. ಅಷ್ಟೇ ಅಲ್ಲ, ನನ್ನಿಂದ ಅಮ್ಮ ಸಾಯ್ತಿದಾಳೆ ಅಂತ ಅಳ್ತಿದ್ದಳು. ಅವಳ ನಡಿಗೆ ಅವಳು ನಡೀಲಿ, ನನ್ನ ಉಪವಾಸ ನಾನು ಮಾಡ್ತೀನಿ. ನಾಳೆ ಬೆಳಿಗ್ಗೆವರೆಗೆ ತಾನೇ?"

"ನಾಳೆ ಬೆಳಿಗ್ಗೆವರೆಗೆ ನೀನು ಇರಬೇಕಲ್ಲ! ಅರವತ್ತೆಂಟು ವರ್ಷ. ಬೆಳಿಗ್ಗೆ ಬೀಪಿ ಮಾತ್ರೇನಾದ್ರೂ ನುಂಗಿದ್ಯಾ?"

"ನೀರಿಲ್ದೆ ಹೇಗೆ ನುಂಗ್ಲಿ?" ಎಂದು ನಕ್ಕಳು. ನಗುವುದಕ್ಕೂ ಅವಳಿಗೆ ಬಾಯಲ್ಲಿ ತೇವವಿರಲಿಲ್ಲ.

ಅಷ್ಟರಲ್ಲಿ ಊರುಗೋಲಿನ ಹೆಂಗಸು ಅಲ್ಲಿಗೇ ಬಂದಳು. ಪದ್ಮಾಳನ್ನು ನೋಡಿದಳು, ಅವಳ ಮಡಿಲಲ್ಲಿದ್ದ ತುಂಬಿದ ಬಾಟಲಿಯನ್ನೂ ನೋಡಿದಳು. ತನ್ನ ಕೊರಳಿನ ವಸ್ತ್ರ ಬಿಚ್ಚಿ, ನದಿಗಿಳಿದು ಅದ್ದಿ ತಂದು ಪದ್ಮಾಳ ಕತ್ತಿನ ಸುತ್ತ ಹಾಕಿದಳು. "ನಮ್ಮಮ್ಮನೂ ಹೀಗೇ ಹಟಮಾರಿ," ಎಂದು ಇಂಗ್ಲಿಷಿನಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿ ನಡೆದುಬಿಟ್ಟಳು. ವಸ್ತ್ರವನ್ನು ವಾಪಸು ಕೇಳಲೇ ಇಲ್ಲ.

ನಾನು ಪದ್ಮಾಳ ಪಕ್ಕದಲ್ಲಿ ಕೂತೆ. ನನಗೆ ಒಂದು ವಿಷಯ ಗೊತ್ತಿತ್ತು, ಅದನ್ನು ಹೇಳಲು ಹೆದರಿಕೆಯಾಗುತ್ತಿತ್ತು.

ಭಾನುವಾರ ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಕೂತಿದ್ದಾಗ ನಮ್ಮ ಕಡೆಯ ದೇವಸ್ಥಾನದಿಂದ ಎಂದಿನಂತೆ ಫೋನಿಗೆ ಸಂದೇಶ ಬಂದಿತ್ತು: ನಾಳೆ, ಸೋಮವಾರ, ಏಕಾದಶಿ. ನಾನು ಓದಿ ಸುಮ್ಮನಾಗಿದ್ದೆ. ನಾನು ಉಪವಾಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಪದ್ಮಾಳ ಅಣ್ಣ, ನನ್ನ ಗಂಡ ಶ್ರೀನಿವಾಸ, ತೀರಿಕೊಂಡ ಮೇಲೆ ಬಿಟ್ಟಿದ್ದು.

ಪದ್ಮಾ ನೋಡುವುದು ಮೈಸೂರಿನಿಂದ ತರಿಸಿದ ಕ್ಯಾಲೆಂಡರ್. ವಿಟ್ಬಿಯ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದಲ್ಲಿ ತೂಗುಹಾಕಿದ್ದಾಳೆ. ಅದರಲ್ಲಿ ಮಂಗಳವಾರ ಏಕಾದಶಿ ಎಂದಿರುತ್ತದೆ, ಮೈಸೂರಿಗೆ ಅದು ಸರಿ. ಆದರೆ ತಿಥಿಯನ್ನು ನಾವಿರುವ ಊರಿನ ಸೂರ್ಯೋದಯದಿಂದ ನೋಡಬೇಕು. ಅಲ್ಲಿ ಸೂರ್ಯ ಹುಟ್ಟಿ ಹತ್ತು ಹನ್ನೊಂದು ಗಂಟೆಯಾದ ಮೇಲೆ ನಮಗೆ ಹುಟ್ಟುತ್ತಾನೆ. ಅಷ್ಟರಲ್ಲಿ ಎಷ್ಟೋ ಸಲ ತಿಥಿ ದಾಟಿಹೋಗಿರುತ್ತದೆ. ಆಗ ಅವರ ಏಕಾದಶಿ ನಮಗೆ ಒಂದು ದಿನ ಮುಂಚೆಯೇ ಬಂದಿರುತ್ತದೆ. ನಮ್ಮವರು ಪ್ರತಿ ವರ್ಷ ಯುಗಾದಿಗೆ ಪಂಚಾಂಗ ಬಂದೊಡನೆ ಪೆನ್ಸಿಲ್ ಹಿಡಿದು ಕೂತು ಎಲ್ಲವನ್ನೂ ತಿದ್ದಿಡುತ್ತಿದ್ದರು. ಏಕಾದಶಿಯ ಹಿಂದಿನ ದಿನ ತಂಗಿಗೆ ಫೋನ್ ಮಾಡುತ್ತಿದ್ದರು. ಅವರು ಹೋದ ಮೇಲೆ ಫೋನ್ ಮಾಡಬೇಕಾದವಳು ನಾನು. ಮಾಡಲಿಲ್ಲ. ಅವರ ಪೆನ್ಸಿಲ್ಲನ್ನು ಕೈಯಲ್ಲಿ ಹಿಡಿಯುವ ಧೈರ್ಯ ನನಗಿರಲಿಲ್ಲ, ಅಷ್ಟೇ ಕಾರಣ.

ಇವತ್ತು ದ್ವಾದಶಿ ಎಂದರೆ ಪದ್ಮಾ ನೀರು ಕುಡಿಯುತ್ತಾಳೆ. ಆದರೆ ಮರುಕ್ಷಣವೇ ಕೇಳುತ್ತಾಳೆ: ಹಾಗಾದರೆ ಉಳಿದ ಇಪ್ಪತ್ಮೂರು? ಒಂದು ವರ್ಷ ಮಗಳ ಜೀವವನ್ನು ಆ ದಿನಗಳಿಗೆ ಕಟ್ಟಿಕೊಂಡು ಬದುಕಿದವಳು. ಆ ಗಂಟನ್ನು ಈ ಬಂಡೆಯ ಕೆಳಗೆ ಕೂತು ಬಿಚ್ಚಲು ನಾನು ಯಾರು?

ಮೊದಲು ಬೇರೆ ದಾರಿ ನೋಡಿದೆ. "ನೀರು ಕುಡಿದ್ರೆ ಉಪವಾಸ ಮುರಿಯಲ್ಲ ಕಣೇ. ಕಾಯಿಲೆಯವರಿಗೆ, ವಯಸ್ಸಾದವರಿಗೆ ರಿಯಾಯಿತಿ ಇದೆ."

"ನಾನು ರಿಯಾಯಿತಿ ಕೇಳಿ ಹರಕೆ ಹೊತ್ತಿಲ್ಲ. ಸುರಭಿಗೂ ಹೇಳ್ಬೇಡಿ. ನನ್ನಾಣೆ."

ಕಣ್ಣು ಮುಚ್ಚಿ ಬಂಡೆಗೆ ಒರಗಿದಳು. ಎರಡು ಸಲ ಹೆಸರು ಹಿಡಿದು ಕರೆದ ಮೇಲೆ ಓಗೊಟ್ಟಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಪದ್ಮಾ, ಇವತ್ತು ಏಕಾದಶಿ ಅಲ್ಲ. ದ್ವಾದಶಿ. ಏಕಾದಶಿ ನಿನ್ನೆ ಆಗೋಯ್ತು."

"ಸುಮ್ನಿರಿ ಅತ್ತಿಗೆ. ನೀರು ಕುಡಿಸೋಕೆ ಏನಾದ್ರೂ ಹೇಳ್ತೀರ."

ಫೋನ್ ತೆಗೆದು ದೇವಸ್ಥಾನದ ಸಂದೇಶ ತೋರಿಸಿದೆ. ಕಣಿವೆಯೊಳಗೆ ಸಿಗ್ನಲ್ ಇರಲಿಲ್ಲ, ಆದರೆ ಬಂದಿದ್ದು ಉಳಿದಿತ್ತು. ಅವಳು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದಳು. ನಾನು ಸೂರ್ಯೋದಯದ ವಿಷಯ ಹೇಳಿದೆ. ಪೆನ್ಸಿಲ್ಲಿನ ವಿಷಯವನ್ನೂ ಹೇಳಿದೆ.

"ಅಣ್ಣ ಫೋನ್ ಮಾಡ್ತಿದ್ದಿದ್ದು ಇದಕ್ಕಾ? ನಾನು ಮರೀತೀನಿ ಅಂತ ನೆನಪಿಸೋಕೆ ಅಂದ್ಕೊಂಡಿದ್ದೆ."

"ಇದಕ್ಕೇ."

"ನಿನ್ನೆ ಮಧ್ಯಾಹ್ನ ಆ ವ್ಯಾನಲ್ಲಿ ಕೂತು ಡಬ್ಬಿ ತುಂಬ ಚಿತ್ರಾನ್ನ ತಿಂದೆನಲ್ಲ ನಾನು! ನಾಳೆ ಏಕಾದಶಿ ಅಂತ ಎರಡು ಸಲ ಬಡಿಸ್ಕೊಂಡೆ." ಆಮೇಲೆ, ನಾನು ಹೆದರಿದ್ದ ಪ್ರಶ್ನೆ: "ಹಾಗಾದ್ರೆ ವರ್ಷವೆಲ್ಲಾ?"

"ಎಲ್ಲಾ ಅಲ್ಲ. ಅರ್ಧ ಸರಿಯಾಗಿರುತ್ತೆ. ಇನ್ನರ್ಧ ಒಂದು ದಿನ ತಪ್ಪಿರುತ್ತೆ."

"ಅರ್ಧ," ಅಂದಳು. ನೀರಿಲ್ಲದ ಮೈಯಲ್ಲಿ ಕಣ್ಣೀರು ಎಲ್ಲಿತ್ತೋ. "ನಾಲ್ಕು ವರ್ಷ ಅತ್ತಿಗೆ! ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿಮಗೆ? ನಾನು ಯಾರನ್ನ ಕೇಳ್ಲಿ? ನಮ್ಮನೆಯವರಿಗೆ ಹುಣ್ಣಿಮೆ ಅಮಾವಾಸ್ಯೆ ಗೊತ್ತಾಗಲ್ಲ."

"ಆಗ್ಲಿಲ್ಲ ಕಣೇ. ತಪ್ಪಾಯ್ತು."

ಅವಳು ನದಿಯನ್ನೇ ನೋಡುತ್ತಿದ್ದಳು. ಆಚೆ ದಡದ ಗೋಡೆಯ ಮೇಲೆ ಒಂದು ಹಕ್ಕಿಯ ನೆರಳು ಹಾದುಹೋಯಿತು.

"ಅವಳಿಗೆ ಮತ್ತೆ ಬಂದ್ರೆ?" ಎಂದು ಬಹಳ ಮೆಲ್ಲಗೆ ಕೇಳಿದಳು.

"ಫೆಬ್ರವರೀಲಿ ಸ್ಕ್ಯಾನ್ ಕ್ಲೀನ್ ಬಂತಲ್ಲ. ಆಗ್ಲೇ ನಿನ್ನ ಲೆಕ್ಕದಲ್ಲಿ ಎಂಟೋ ಹತ್ತೋ ತಪ್ಪಿತ್ತು. ದೇವರು ನಿನ್ನ ಫ್ರಿಜ್ ಪಕ್ಕದ ಕ್ಯಾಲೆಂಡರ್ ನೋಡ್ಲಿಲ್ಲ ಪದ್ಮಾ. ನೀನು ಹಸ್ಕೊಂಡಿದ್ದು ನೋಡಿರ್ಬೇಕು. ಮುಂದಕ್ಕೆ ಏನೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ."

ನಾನು ಹೇಳಿದ್ದು ಶಾಸ್ತ್ರವೋ ಅಲ್ಲವೋ ಕಾಣೆ. ದಣಿದಿದ್ದೆ. ದಣಿದಾಗ ನಂಬಿದ್ದಷ್ಟೇ ಬಾಯಿಗೆ ಬರುತ್ತದೆ.

ಪದ್ಮಾ ಮೂಗು ಒರೆಸಿಕೊಂಡಳು. ನಿಧಾನವಾಗಿ ಸೊಂಟದ ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ತೆಗೆದಳು. ಒಳಗೆ ಒಣಗಿದ ನಾಲ್ಕು ತುಳಸಿ ಎಲೆ. ವಿಟ್ಬಿಯಲ್ಲಿ ಕಿಟಕಿಯ ಒಳಗೆ ಚಳಿಗಾಲವೆಲ್ಲ ಕಾಪಾಡಿದ ಗಿಡದ್ದು. ನಾಳೆ ಬೆಳಿಗ್ಗೆಯ ಪಾರಣೆಗೆಂದು ತಂದಿದ್ದಳು.

"ದ್ವಾದಶಿ ಆದ್ರೆ ಪಾರಣೆ ಆಗ್ಬೇಕು," ಅಂದಳು. "ದ್ವಾದಶಿ ದಿನ ಉಪವಾಸ ಇರೋದು ಇನ್ನೂ ತಪ್ಪು. ನೀರು ಕೊಡಿ."

ಅಂಗೈಯಲ್ಲಿ ನೀರು ಹಾಕಿಸಿಕೊಂಡು, ಎಲೆಯಿಟ್ಟು, ಕಣ್ಣುಮುಚ್ಚಿ ತೆಗೆದುಕೊಂಡಳು. ಆಮೇಲೆ ಬಾಟಲಿಯಿಂದ ಒಂದೊಂದೇ ಗುಟುಕು. ಮಾತ್ರೆ ನುಂಗಿದಳು. ನನ್ನ ಚೀಲದಲ್ಲಿದ್ದ ಮೊಸರನ್ನದ ಡಬ್ಬಿ ಬಿಚ್ಚಿದೆ. ಮೂರು ತುತ್ತು ತಿಂದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು, ನಾಲಿಗೆಗೆ ಶಕ್ತಿಯೂ.

"ಉಪ್ಪು ಕಮ್ಮಿ," ಅಂದಳು.

"ನಿಮ್ಮಣ್ಣನೂ ಹೀಗೇ. ಸಾಯೋ ಹೊತ್ತಲ್ಲೂ ಉಪ್ಪಿನ ತಕರಾರು."

ಸುರಭಿ ವಾಪಸಾದಾಗ ಅವಳಮ್ಮ ಬೆರಳು ಚೀಪುತ್ತಿದ್ದಳು. ಸುರಭಿ ದೂರದಲ್ಲೇ ನಿಂತುಬಿಟ್ಟಳು. ಹತ್ತಿರ ಬಂದು ಡಬ್ಬಿಗೆ ಕೈಹಾಕಿ ಒಂದು ತುತ್ತು ತಿಂದಳು. "ಫೈನಲಿ," ಎಂದಷ್ಟೇ ಅಂದಳು.

ಅರ್ಧ ಗಂಟೆ ಸುಧಾರಿಸಿಕೊಂಡು ಮೂವರೂ ಉಳಿದ ದಾರಿ ನಡೆದೆವು. ಆಳೆತ್ತರದ ಜೊಂಡಿನ ನಡುವೆ, ಮರಳಿನಲ್ಲಿ, ಪದ್ಮಾ ಮಗಳ ತೋಳು ಹಿಡಿದು, ನಾನು ಅವರ ಹಿಂದೆ. ದಾರಿ ಮುಗಿಯುವಲ್ಲಿ ಎರಡೂ ಗೋಡೆ ನೀರಿಗಿಳಿದಿದ್ದವು. ಮೇಲೆ ಪಟ್ಟಿಯಷ್ಟು ಆಕಾಶ. ತಾಯಿ ಮಗಳು ಬೂಟು ಬಿಚ್ಚಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಸುರಭಿಯ ಕೂದಲು ಈಗ ಕಿವಿಯವರೆಗೆ ಬೆಳೆದಿದೆ. ಪದ್ಮಾ ಅದನ್ನು ಕಿವಿಯ ಹಿಂದಕ್ಕೆ ಸರಿಸುತ್ತಾ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ. ಕೂರಲು ಕಲ್ಲು ಹುಡುಕುತ್ತಿದ್ದೆ.

ವಾಪಸು ಬರುವಾಗ ಮೆಟ್ಟಿಲುಗಳಲ್ಲಿ ಸುರಭಿ ನನ್ನ ಚೀಲ ತೆಗೆದುಕೊಂಡಳು. "ತಿಂಗಳಿಗೆ ಎರಡು ಸಲ ಅಮ್ಮಂಗೆ ಹೊಟ್ಟೆ ಭಾರ, ಊಟ ಬೇಡ ಅತ್ತೆ. ನನಗೆ ಗೊತ್ತಾಗಲ್ವಾ? ಆ ದಿನ ನಾನೂ ಆಫೀಸಲ್ಲಿ ಲಂಚ್ ಸ್ಕಿಪ್ ಮಾಡ್ತಿದ್ದೆ. ಡೋಂಟ್ ಟೆಲ್ ಹರ್." ನಾನು ತಲೆಯಾಡಿಸಿದೆ. ಮಾತಾಡಲು ಉಸಿರಿರಲಿಲ್ಲ.

ಎಟೋಬಿಕೋಕಿಗೆ ಬಂದ ಮೇಲೆ ಮೂರು ದಿನ ಕಾಲು ನೋವು. ನಾಲ್ಕನೆಯ ದಿನ ನಮ್ಮವರ ಮೇಜಿನ ಸೆಳೆಖಾನೆ ಎಳೆದೆ. ಪೆನ್ಸಿಲ್ ಇತ್ತು, ತುದಿ ಮೊಂಡಾಗಿತ್ತು. ಅಡುಗೆಮನೆಯ ಚಾಕುವಿನಲ್ಲಿ ಕೆತ್ತಿ, ಈ ವರ್ಷದ ಪಂಚಾಂಗ ಬಿಚ್ಚಿ ಕೂತೆ. ಇವರ ಹಳೆಯ ಪಂಚಾಂಗವೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅವರು ಹೇಗೆ ಲೆಕ್ಕ ಹಾಕಿದ್ದಾರೆಂದು ನೋಡಿ ನೋಡಿ ತಿದ್ದಿದೆ. ಒಂದು ತಿಂಗಳಿಗೇ ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಗೆ ದೇವಸ್ಥಾನದ ಪಟ್ಟಿಗೆ ಹೋಲಿಸಿದರೆ ಸರಿಯಿತ್ತು.

ಮುಂದಿನ ಏಕಾದಶಿಯ ಹಿಂದಿನ ದಿನ ಬೆಳಿಗ್ಗೆ ವಿಟ್ಬಿಗೆ ಫೋನ್ ಮಾಡಿದೆ.

"ಪದ್ಮಾ, ನಾಳೆ ಏಕಾದಶಿ."

ಆ ಕಡೆ ಕುಕ್ಕರಿನ ಸದ್ದು.

"ನಾನೂ ಇರ್ತೀನಿ ನಿನ್ನ ಜೊತೆ," ಅಂದೆ. "ಆದ್ರೆ ನಾನು ನೀರು ಕುಡೀತೀನಿ. ಕಾಫೀನೂ ಕುಡೀತೀನಿ. ನೀನೂ ಕುಡಿ."

"ಕಾಫಿ ಬೇಡಪ್ಪ," ಅಂದಳು ಪದ್ಮಾ. "ನೀರು ಕುಡೀತೀನಿ. ನಾಡಿದ್ದು ಪಾರಣೆ ಎಷ್ಟು ಗಂಟೆಯೊಳಗೆ? ಅಣ್ಣ ಅದನ್ನೂ ಹೇಳ್ತಿದ್ದ."

"ತಾಳು, ನೋಡಿ ಹೇಳ್ತೀನಿ," ಎಂದು ಕನ್ನಡಕ ಹುಡುಕಿದೆ.